ಟೆರೇಸಿನ್ಯಾಗ ಗಾಲ್ಫ್: ಸ್ವಿಂಗ್ ಸುಧಾರಸ್ತದೋ, ಬರೇ ಟ್ಯೂಬ್‌ಲೈಟ್ ಒಡೀತಾವೋ?

ಟೆರೇಸ್ ಆಟಗಾರ (ಬೆಳಗಾವಿ)

ನಮಸ್ಕಾರ ರೀ ಎಲ್ಲಾರಿಗೂ. ನಾ ಇರೂದು ಹನುಮಾನ ನಗರದಾಗ, ವಯಸ್ಸು 52. ಹೋದ ದಸರಾ ಹೊತ್ತಿಗೆ ಫೌಜಿನಿಂದ ರಿಟೈರ್ ಆದ ದೋಸ್ತ ಒಬ್ಬ "ಒಂದ್ ಸಲ ಬಾರಪಾ" ಅಂತ ಕ್ಯಾಂಪ್ ಕಡೆ ಗಾಲ್ಫ್ ಮೈದಾನಕ್ಕ ಕರಕೊಂಡ ಹೋದ. ಹದಿನೇಳು ಸಲ ಬೀಸಿದೆ. ಮಣ್ಣ ಹೊಡದೆ, ಗಾಳಿ ಹೊಡದೆ, ಒಂದ್ ಸಲ ದೋಸ್ತನ ಬೂಟಿಗೂ ಹೊಡದೆ. ಹದಿನೆಂಟನೇದ್ದು ಎಲ್ಲಿಂದ ಬಂತೋ ಗೊತ್ತಿಲ್ಲ. "ಟಕ್" ಅಂತ ಸಪ್ಪಳ ಆತು, ಕೈಗೆ ಏನೂ ತಗಲಿದಂಗ ಅನಿಸ್ಲಿಲ್ಲ, ಚೆಂಡು ಗಿಡದ ನೆತ್ತಿ ಮ್ಯಾಲೆ ಹಾದು ಹೋಗಿ ಹುಲ್ಲಿನ ನಡುವ ಬಿತ್ತು. ಅಲ್ಲಿಂದ ಇಲ್ಲೀತನಕಾ ನನಗ ಬ್ಯಾರೆ ಧ್ಯಾಸ ಇಲ್ಲ.

ಈಗ ತ್ರಾಸ ಏನಂದ್ರ, ಜೂನ್‌ನಿಂದ ಮಳಿ ಹಚ್ಚಿ ಹೊಡಿಯಾಕತ್ತೈತಿ. ನಮ್ಮೂರ ಮಳಿ ನಿಮಗೆಲ್ಲಾ ಗೊತ್ತೇ ಐತಿ. ಹಂಗಾಗಿ ಟೆರೇಸಿನ ಪತ್ರಾಸಿನ ಕೆಳಗ ಒಂದು ಹಳೇ ಏಳನೇ ನಂಬರ್ ಕ್ಲಬ್ (ಗಾಲ್ಫ್ ಕೋಲು) ಹಿಡಕೊಂಡು ದಿನಾ ಅರ್ಧಾ ತಾಸು ಬೀಸ್ತೀನಿ. ಇಲ್ಲೀತನಕಾ ಎರಡು ಟ್ಯೂಬ್‌ಲೈಟ್ ಹೋಗ್ಯಾವು. ತುಳಸಿ ಕಟ್ಟಿ ಸ್ವಲ್ಪದರಾಗ ಉಳೀತು. ಮನ್ಯಾಗಿನ ವಾತಾವರಣ ಹೆಂಗೈತಿ ಅಂತ ಹೇಳಬೇಕಾಗಿಲ್ಲ.

ಚೆಂಡು ಪ್ರತಿ ಸಲ ಬಲಕ್ಕ ಬಾಳೀಹಣ್ಣಿನಂಗ ಬಾಗಿ ಹೋಗ್ತೈತಿ. ಯೂಟ್ಯೂಬಿನ್ಯಾಗ ನಲವತ್ತು ಮಂದಿ ನಲವತ್ತು ಥರ ಹೇಳ್ತಾರ. ಕೋಚ್ ಇಲ್ಲದ, ಮನ್ಯಾಗ ಇದ್ದಕೊಂಡ ಸ್ವಿಂಗ್ (ಕ್ಲಬ್ ಬೀಸೂ ರೀತಿ) ಸುಧಾರಸಾಕ ಆಗ್ತದೇನ್ರಿ? ಇನ್ನೊಂದು: ಈ ಆಟ ಯಾಕ ಹಿಂಗ ಬೆನ್ನು ಬೀಳ್ತೈತಿ? ಕ್ರಿಕೆಟ್ ಬಿಟ್ಟೆ, ಕೇರಂ ಬಿಟ್ಟೆ, ಇದನ್ನ ಬಿಡಾಕ ಆಗವಲ್ದು.

ಗುಮ್ಮಟದ ಗಾಳಿ (ವಿಜಯಪುರ)

ನಮ್ಮೂರಾಗ ಗೋಲ ಗುಮ್ಮಟ ಅದ ರೀ, ಗಾಲ್ಫ್ ಇಲ್ಲ. 😄 ಆದ್ರ ಒಂದು ಮಾತು, ಟ್ಯೂಬ್‌ಲೈಟ್ ತೆಗದು ಎಲ್‌ಇಡಿ ಪಟ್ಟಿ ಹಚ್ಚಿಸ್ರಿ. ಅರ್ಧಾ ಸಮಸ್ಯಾ ಅಲ್ಲೇ ಮುಗೀತು.

ಕುಂದಾ ಕಟ್ಟೆ (ಬೆಳಗಾವಿ)

ನಿಮ್ಮ ಮನ್ಯಾಗಿನ ವೈನಿಗೆ ಒಂದು ಕಿಲೋ ಕುಂದಾ ಒಯ್ದು ಕೊಡ್ರಿ. ಉಳದ ಅರ್ಧಾನೂ ಮುಗೀತು.

ಕ್ಯಾಂಪ್ ಕಾಕಾ (ಬೆಳಗಾವಿ)

ತಮ್ಮಾ, ನಾ ಮೂವತ್ತು ವರ್ಷದಿಂದ ಆಡಾಕತ್ತೀನಿ. ನನಗೂ ಇನ್ನೂ ಬಂದಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ.

ನಿನ್ನ ಬಲಕ್ಕ ಬಾಗೂ ಚೆಂಡಿಗೆ ಸ್ಲೈಸ್ ಅಂತಾರ. ಹೊಸಬರೊಳಗ ಹತ್ತರಾಗ ಎಂಟು ಮಂದಿಗೆ ಇದ ರೋಗ. ಮೊದಲು ನಿನ್ನ ಹಿಡಿತ ನೋಡು. ಎಡಗೈ ಸುಮ್ಮನ ಜೋತಾಡಾಕ ಬಿಡು, ಅದು ಹೆಂಗ ಜೋತಾಡ್ತದ ಹಂಗ ಕ್ಲಬ್ಬಿನ ಮ್ಯಾಲ ಇಡು. ಮ್ಯಾಲಿಂದ ನೋಡಿದ್ರ ಎಡಗೈಯಿಂದು ಎರಡು, ಎರಡೂವರಿ ಗೆಣ್ಣು ಕಾಣಬೇಕು. ಒಂದ ಗೆಣ್ಣು ಕಾಣತಿದ್ರ ಕ್ಲಬ್ಬಿನ ಮುಖ ತೆರಕೊಂಡ ಬರ್ತೈತಿ, ಚೆಂಡು ಬಲಕ್ಕ ಓಡ್ತೈತಿ. ಇದಕ್ಕ ಮೈದಾನ ಬ್ಯಾಡ, ಚೆಂಡೂ ಬ್ಯಾಡ. ಟೀವಿ ನೋಡಕೋತ ಕುಂತಾಗ ಕ್ಲಬ್ ಕೈಯಾಗ ಹಿಡಕೊಂಡಿರು, ಬಿಡು, ಮತ್ತ ಹಿಡಿ. ದಿನಾ ಐವತ್ತು ಸಲ. ನಾ ಹಿಂಗ ಕಲತಿದ್ದು ಆಕಾಶವಾಣಿ ಧಾರವಾಡ ಕೇಳಕೋತ.

ಇನ್ನೊಂದು: ತಲಿ ಅಲ್ಲಾಡಿಸಬ್ಯಾಡ. ಮುಗೀತು.

ಗೋಕಾಕ ಟು ಬೆಂಗಳೂರು

ಕಾಕಾರ ಹಿಡಿತದ ಮಾತು ನೂರಕ್ಕೆ ನೂರು ಸರಿ. ಆದರೆ "ತಲೆ ಅಲ್ಲಾಡಿಸಬೇಡ" ಅನ್ನೋ ಸಲಹೆ ಹಾಳು ಮಾಡಿದಷ್ಟು ಸ್ವಿಂಗ್‌ಗಳನ್ನ ಇನ್ಯಾವುದೂ ಹಾಳು ಮಾಡಿಲ್ಲ. ತಲೆಯನ್ನ ಗೂಟ ಹೊಡೆದ ಹಾಗೆ ನಿಲ್ಲಿಸಿದರೆ ಭುಜ ತಿರುಗೋದೇ ಇಲ್ಲ, ಬರೀ ಕೈ ಬೀಸುತ್ತೆ. ದೊಡ್ಡ ದೊಡ್ಡ ಆಟಗಾರರ ತಲೆ ಕೂಡ ಹಿಂದಕ್ಕೆ ಸ್ವಲ್ಪ ಸರಿಯುತ್ತೆ, ಹೊಡೆದ ಮೇಲೆ ಚೆಂಡಿನ ಜೊತೆ ತಿರುಗುತ್ತೆ.

ಸ್ಲೈಸ್ ಯಾಕೆ ಆಗುತ್ತೆ ಅನ್ನೋದನ್ನ ಕ್ರಿಕೆಟ್ ಭಾಷೆಯಲ್ಲಿ ಹೇಳ್ತೀನಿ. ಬ್ಯಾಟಿನ ಮುಖ ತೆರೆದರೆ ಚೆಂಡು ಥರ್ಡ್‌ಮ್ಯಾನ್ ಕಡೆ ಹೋಗುತ್ತಲ್ಲ, ಹಾಗೇನೇ ಇಲ್ಲೂ ಚೆಂಡು ಮೊದಲು ಹೊರಡುವ ದಿಕ್ಕನ್ನ ಬಹುಪಾಲು ಕ್ಲಬ್ಬಿನ ಮುಖ ನಿರ್ಧರಿಸುತ್ತೆ. ಆಮೇಲೆ ಗಾಳಿಯಲ್ಲಿ ಎತ್ತ ಬಾಗುತ್ತೆ ಅನ್ನೋದು ಮುಖ ನೋಡ್ತಿರೋ ದಿಕ್ಕಿಗೂ ನೀವು ಬೀಸಿದ ದಾರಿಗೂ ಇರುವ ಅಂತರ. ಮುಖ ಬಲಕ್ಕೆ, ಬೀಸು ಎಡಕ್ಕೆ ಅಂದರೆ ನಿಮ್ಮ ಬಾಳೆಹಣ್ಣು ತಯಾರು. ಹಳೆಯ ಪುಸ್ತಕಗಳು ಇದನ್ನ ಉಲ್ಟಾ ಹೇಳ್ತಿದ್ದವು, ಬೀಸಿದ ಕಡೆ ಚೆಂಡು ಹೊರಡುತ್ತೆ, ಮುಖದ ಕಡೆ ಬಾಗುತ್ತೆ ಅಂತ. ರಡಾರ್ ಯಂತ್ರಗಳು ಬಂದ ಮೇಲೆ ಅದು ತಪ್ಪು ಅಂತ ಗೊತ್ತಾಯ್ತು.

ಕ್ಲಬ್ಬಿಗೂ ಚೆಂಡಿಗೂ ಆಗೋ ಭೇಟಿ ಎಷ್ಟು ಹೊತ್ತು ಗೊತ್ತಾ? ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ. ಆ ಹೊತ್ತಿನಲ್ಲಿ ಏನೂ ತಿದ್ದೋಕೆ ಆಗಲ್ಲ. ತಿದ್ದೋದಿದ್ದರೆ ಅದಕ್ಕೂ ಮೊದಲೇ, ನಿಧಾನವಾಗಿ ಬೀಸುವಾಗಲೇ ತಿದ್ದಬೇಕು. ಹಾಗಾಗಿ ಮನೆ ಅಭ್ಯಾಸ ಖಂಡಿತ ಕೆಲಸ ಮಾಡುತ್ತೆ, ಮೈದಾನಕ್ಕಿಂತ ಚೆನ್ನಾಗಿ. ಯಾಕಂದ್ರೆ ಅಲ್ಲಿ ಚೆಂಡು ಎಲ್ಲಿ ಹೋಯ್ತು ಅನ್ನೋದೇ ಚಿಂತೆ. ಟೆರೇಸ್ ಮೇಲೆ ಆ ಚಿಂತೆ ಇಲ್ಲ.

ಕುಂದಾ ಕಟ್ಟೆ

ಇಲ್ಲ ಹೆಂಗ? ಪಕ್ಕದ ಮನಿಯವರಿಗೆ ಐತಲ್ಲ.

ಎರಿಹೊಲ (ಬಾಗಲಕೋಟೆ)

ಸಿಟ್ಟಾಗಬ್ಯಾಡ್ರಿ, ಆದ್ರ ಹೇಳಲೇಬೇಕು. ಇದು ಉಂಡು ತೇಗಿದವರ ಆಟ. ಒಂದು ಸಣ್ಣ ಚೆಂಡಿಗೆ ನೂರಾರು ಎಕರೆ ಜಮೀನು, ಅದಕ್ಕ ದಿನಾ ನೀರು. ನಮ್ಮ ಕಡೆ ಬ್ಯಾಸಗಿ ಬಂದ್ರ ಕೊಡ ಹಿಡಕೊಂಡು ಟ್ಯಾಂಕರ್ ಕಾಯ್ತೀವಿ. ಯಾವುದೋ ದೇಶದ ಕುರಿ ಕಾಯೂರು ಕೋಲಿನಿಂದ ಕಲ್ಲ ಹೊಡದ ಆಟಕ್ಕ ನೀವು ಇಷ್ಟು ಭಕ್ತಿ ಮಾಡೂದು ನೋಡಿ ನಗು ಬರ್ತೈತಿ. ನಮ್ಮ ಚಿಣ್ಣಿ-ದಾಂಡು ಏನು ಕಮ್ಮಿ?

ಟಿಳಕವಾಡಿ ವೈನಿ (ಬೆಳಗಾವಿ)

ಎರಿಹೊಲ ಅಣ್ಣಾರ, ನೀರಿನ ಮಾತು ಖರೇ ಐತಿ, ಒಪ್ಪೀನಿ. ಆದ್ರ "ಉಂಡು ತೇಗಿದವರ ಆಟ" ಅನ್ನೂದು ಪೂರ್ತಿ ಖರೇ ಅಲ್ಲ. ಚಿಕ್ಕರಂಗಪ್ಪ ಅನ್ನೂ ಹುಡುಗ ಬಿಡದಿ ಕಡೆ ಹಳ್ಳಿಯವ. ಪಕ್ಕದ ಗಾಲ್ಫ್ ಮೈದಾನದಾಗ ಚೆಂಡು ಹೆಕ್ಕಕೋತ ಆಟ ಕಲತು ದೇಶದ ದೊಡ್ಡ ಆಟಗಾರರ ಸಾಲಿಗೆ ಬಂದ.

ಮತ್ತ ನನ್ನ ಕಥಿ ಕೇಳ್ರಿ. ನಾ ಶುರು ಮಾಡಿದ್ದು 44ನೇ ವಯಸ್ಸಿನ್ಯಾಗ. ಮೊದಲನೇ ದಿನ ಒಬ್ಬರು ಬಂದು ಭಾರೀ ಜಾಣತನದಿಂದ ಹೇಳಿದ್ರು: "ಗಾಲ್ಫ್ ಅಂದ್ರೇನ ಜಂಟಲ್‌ಮನ್ ಓನ್ಲಿ, ಲೇಡೀಸ್ ಫರ್ಬಿಡನ್ ಅಂತ ಅರ್ಥ, ಗೊತ್ತೇನ್ರಿ?" ಅದು ಶುದ್ಧ ಬುರುಡಿ. ಆ ಶಬ್ದ ಹಳೇ ಸ್ಕಾಟ್ ಭಾಷಾದ್ದು. 1457ರಾಗ ಸ್ಕಾಟ್ಲೆಂಡಿನ ರಾಜ ಎರಡನೇ ಜೇಮ್ಸ್ ಈ ಆಟಾನ ನಿಷೇಧ ಮಾಡಿದ್ದ, ಜನ ಬಿಲ್ಲುವಿದ್ಯಾ ಬಿಟ್ಟು ಇದರ ಹಿಂದ ಬಿದ್ದಾರ ಅಂತ. ಅಂದ್ರ ಹೆಂಡ್ತಿ ಬೈಯೂಕಿಂತ ಮೊದಲ ರಾಜನ ಬೈದಿದ್ದ ಅಂದಂಗಾತು. ಮುಂದ ಅಲ್ಲಿಯ ರಾಣಿ ಮೇರಿನೂ ಆಡ್ತಿದ್ದಳು ಅಂತ ಹೇಳಿಕಿ ಐತಿ. ಅಷ್ಟ ಅಲ್ಲ, ಗಂಡ ಸತ್ತ ಕೆಲವೇ ದಿನಕ್ಕ ಆಡಾಕ ಹೋದಳು ಅಂತ ಆಕಿ ಮ್ಯಾಲ ದೂರೂ ಹಾಕಿದ್ರು.

ಕ್ಯಾಂಪ್ ಕಾಕಾ

ವೈನಿ ಹೇಳಿದ್ದು ಬರೋಬರಿ. ಇನ್ನೊಂದು ಮಜಾ: ಗಾಲ್ಫ್ ಮೈದಾನದಾಗ ಚೆಂಡು ಹಾಕೂ ಕುಳಿ ಹದಿನೆಂಟೇ ಯಾಕ ಗೊತ್ತೇನು? ಒಂದು ವಿಸ್ಕಿ ಬಾಟ್ಲಿಯೊಳಗ ಹದಿನೆಂಟು ಪೆಗ್ ಇರ್ತಾವು, ಒಂದು ಕುಳಿಗೆ ಒಂದು ಪೆಗ್, ಬಾಟ್ಲಿ ಖಾಲಿ ಆದ್ರ ಆಟ ಮುಗೀತು.

ಗೋಕಾಕ ಟು ಬೆಂಗಳೂರು

ಕಾಕಾ, ಅದೂ ಬುರುಡೆನೇ. 😀 ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಮೈದಾನದಲ್ಲಿ ಮೊದಲು ಒಂದು ಸುತ್ತಿಗೆ 22 ಕುಳಿ ಆಡ್ತಿದ್ದರು. 1764ರಲ್ಲಿ ಕೆಲವು ಚಿಕ್ಕ ಕುಳಿಗಳನ್ನ ಸೇರಿಸಿ ದೊಡ್ಡವು ಮಾಡಿದರು, ಸುತ್ತು 18ಕ್ಕೆ ಇಳಿಯಿತು. ಉಳಿದವರು ಅದನ್ನೇ ಅನುಸರಿಸಿದರು. ಅಷ್ಟೇ.

ಕ್ಯಾಂಪ್ ಕಾಕಾ

ನಿನ್ನ ಕಥಿ ಖರೇ ಇರಬಹುದು, ನನ್ನದು ಚೊಲೋ ಐತಿ.

ಗುಮ್ಮಟದ ಗಾಳಿ

ಎರಿಹೊಲ ಅವರು ಚಿಣ್ಣಿ-ದಾಂಡು ಅಂದ್ರು. ನಮ್ಮ ಅಜ್ಜನ ಊರಾಗ ಚಿಣಿಪಣಿ ಅಂತಾರ. ಯಾವುದು ಸರಿ?

ಎರಿಹೊಲ

ಎರಡೂ ಸರಿ. ಹೊಡತ ಸರಿ ಇದ್ರ ಸಾಕು.

ಕುಂದಾ ಕಟ್ಟೆ

ಗಾಲ್ಫ್ ಮೈದಾನ ಅಂದಕೂಡ್ಲೆ ಬೆಳಗಾವಿಯವರಿಗೆ ಆಟಗಾರ ನೆನಪಾಗೂದಿಲ್ಲ, ಚಿರತಿ ನೆನಪಾಗ್ತೈತಿ. 2022ರ ಆಗಸ್ಟ್ ಮರತೀರೇನು? ಜಾಧವ ನಗರದಾಗ ಕಟ್ಟಡ ಕೆಲಸದವನ ಮ್ಯಾಲ ಎಗರಿ ಗಾಲ್ಫ್ ಮೈದಾನದ ಕಾಡು ಹೊಕ್ಕಿತ್ತು. ಸುತ್ತಲಿನ 22 ಸಾಲಿಗೆ ಸೂಟಿ. ನಮ್ಮ ಹುಡುಗ್ರು "ಚಿರತಿ ಸಿಗೂದು ಬ್ಯಾಡ ದೇವ್ರೇ" ಅಂತ ಹರಕಿ ಹೊತ್ತಿದ್ರು.

ಗುಮ್ಮಟದ ಗಾಳಿ

ಸಕ್ರೆಬೈಲಿನಿಂದ ಆನಿ ತಂದಿದ್ರಲ್ಲ! ಅರ್ಜುನ ಮತ್ತ ಆಲೆ. ಇಡೀ ರಾಜ್ಯ ನೋಡ್ತು.

ಕುಂದಾ ಕಟ್ಟೆ

ಆನಿ ಬಂದ್ವು, ಡ್ರೋನ್ ಬಂತು, ಬೋನು ಬಂತು. ಅದು ಮಾತ್ರ ಕೈಗೆ ಸಿಗಲೇ ಇಲ್ಲ. ಸುಮಾರು 250 ಎಕರೆದಾಗ ಚಿರತಿನ ಸಿಗಲಿಲ್ಲ, ಇನ್ನ ಇವರ ಚೆಂಡು ಎಲ್ಲಿ ಸಿಗಬೇಕು.

ಟಿಳಕವಾಡಿ ವೈನಿ

ಚೆಂಡು ಹುಡುಕಾಕ ಬರೇ ಮೂರು ನಿಮಿಷ ಐತ್ರಿ. 2019ರ ನಿಯಮ. ಮೊದಲು ಐದು ಇತ್ತು. ಚಿರತಿಗೆ ವಾರಗಟ್ಟಲೆ ಕೊಟ್ರು.

ವೇದಿಕೆ ನಿರ್ವಾಹಕ

ಚಿರತೆಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಸ್ವಿಂಗ್.

ಬೆನ್ನುಹುರಿ ಅಕ್ಕ (ಫಿಸಿಯೊ, ಬೆಳಗಾವಿ)

ಸ್ವಿಂಗ್ ಬಗ್ಗೆ ಮಾತಾಡುವ ಮುನ್ನ ನನ್ನದೊಂದು ಮನವಿ. ದಯವಿಟ್ಟು ಎದ್ದ ತಕ್ಷಣ ಬೀಸಬೇಡಿ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಐವತ್ತು ದಾಟಿದ ಗಂಡಸರಲ್ಲಿ ಕಥೆ ಒಂದೇ: ಚಳಿ ಬೆಳಗು, ಒಂದು ಕಪ್ ಚಹಾ, ನೇರವಾಗಿ ಬಲವಾದ ಬೀಸು, ಸೊಂಟ ಹಿಡಿಯಿತು. ಸೊಂಟದ ಭಾಗದ ಬೆನ್ನುಮೂಳೆ ಬಗ್ಗುವುದಕ್ಕೆ ಒಳ್ಳೆಯದು, ತಿರುಗುವುದಕ್ಕಲ್ಲ. ತಿರುಗಬೇಕಾದದ್ದು ಮೇಲೆ ಎದೆಯ ಭಾಗ, ಕೆಳಗೆ ತೊಡೆಸಂದು. ಇವೆರಡೂ ಗಟ್ಟಿಯಾಗಿ ಕೂತಿದ್ದರೆ ಪಾಪ ಸೊಂಟವೇ ಆ ಕೆಲಸ ಮಾಡಲು ಹೋಗಿ ಕೈಕೊಡುತ್ತದೆ.

ಕ್ಲಬ್ಬನ್ನು ಎದೆಗೆ ಅಡ್ಡ ಹಿಡಿದು, ಕೈ ಕಟ್ಟಿಕೊಂಡು, ನಿಧಾನವಾಗಿ ಎಡಕ್ಕೆ ಬಲಕ್ಕೆ ಇಪ್ಪತ್ತು ಸಲ ತಿರುಗಿ. ಆಮೇಲೆ ಗೋಡೆಗೆ ಹಿಂಭಾಗ ತಾಗಿಸಿ ನಿಂತು ಬಾಗಿ. ಹಿಂದಕ್ಕೆ ತಿರುಗುವಾಗ ಬಲ ಪೃಷ್ಠ ಗೋಡೆಗೆ ತಾಗಿರಬೇಕು, ಮುಂದಕ್ಕೆ ಬರುವಾಗ ಎಡ ಪೃಷ್ಠ ತಾಗಬೇಕು. ಗೋಡೆ ಬಿಟ್ಟು ಮುಂದೆ ಬಂದರೆ ನೀವು ಚೆಂಡಿನ ಮೇಲೆ ಎದ್ದು ನಿಲ್ಲುತ್ತಿದ್ದೀರಿ ಎಂದರ್ಥ. ಈ ಒಂದು ಅಭ್ಯಾಸಕ್ಕೆ ಜಾಗ ಬೇಡ, ಟ್ಯೂಬ್‌ಲೈಟಿಗೂ ಅಪಾಯವಿಲ್ಲ.

ಮೊಣಕೈ ಒಳಮಗ್ಗುಲು ನೋಯುತ್ತಿದ್ದರೆ ಎರಡು ವಾರ ಬಿಡಿ. ಅದಕ್ಕೆ ಗಾಲ್ಫರ್ ಮೊಣಕೈ ಎಂದೇ ಹೆಸರು. ಸಿಮೆಂಟ್ ನೆಲಕ್ಕೆ ಕ್ಲಬ್ ಬಡಿಯುವವರಿಗೆ ಬೇಗ ಬರುತ್ತದೆ.

ಟೆರೇಸ್ ಆಟಗಾರ

ಅಕ್ಕಾರ, ಗ್ವಾಡಿಗೆ ಹಚ್ಚಿ ಮಾಡಿ ನೋಡಿದೆ. ನಾ ಪ್ರತಿ ಸಲ ಗ್ವಾಡಿ ಬಿಟ್ಟು ಒಂದು ಗೇಣು ಮುಂದ ಬರ್ತೀನಿ! ಇಷ್ಟ ದಿನ ಗೊತ್ತ ಇರಲಿಲ್ಲ. ಸಿಮೆಂಟಿಗೆ ಬಡದಿದ್ದೂ ಖರೇ. ಮೊಣಕೈ ಸ್ವಲ್ಪ ಚುಳುಕ್ ಅಂತೈತಿ, ಮನ್ಯಾಗ ಹೇಳಿಲ್ಲ.

ಹಳೇ ಕ್ಯಾಡಿ (ಬೆಳಗಾವಿ)

ಸಾಹೇಬ್ರ, ನಾ ಹುಡುಗ ಇದ್ದಾಗ ಮೈದಾನದಾಗ ಬ್ಯಾಗ್ ಹೊತ್ತವ. ಈಗ ಬ್ಯಾರೆ ಉದ್ಯೋಗ. ಆಟ ಕಲತಿದ್ದು ಮಂದಿ ನೋಡಿ. ನಮಗ ಕ್ಲಬ್ ಎಲ್ಲಿ ಬರಬೇಕು, ಕಬ್ಬಿಣದ ಸರಳಿನ ತುದಿ ಬಗ್ಗಿಸಿ ಹೊಡೀತಿದ್ವಿ. ಅದರಾಗ ಚೆಂಡು ನಡುವ ತಾಗಲಿಲ್ಲ ಅಂದ್ರ ಕೈಗೆ ಝುಮ್ ಅಂತ ಕರೆಂಟ್ ಹೊಡದಂಗ ಆಗ್ತಿತ್ತು. ಆ ಝುಮ್ಮ ನಮ್ಮ ಕೋಚ್.

ಇಪ್ಪತ್ತು ವರ್ಷ ಸಾಹೇಬ್ರ ಸ್ವಿಂಗ್ ಹಿಂದ ನಿಂತು ನೋಡೀನಿ. ಕೆಡೂದು ಒಂದ ಜಾಗಾದಾಗ. ಮ್ಯಾಲ ಒಯ್ಯೂದು ಎಲ್ಲಾರದೂ ಛಂದ ಇರ್ತೈತಿ. ಕೆಳಗ ಇಳಿಸೂ ಮುಂದ ಗಡಿಬಿಡಿ. ಭುಜಾ ಮೊದಲು ಓಡ್ತೈತಿ. ಕಾಲು ಮೊದಲು ಹೋಗಬೇಕು. ನಮ್ಮ ಕಡೆ ಕಬ್ಬು ಕಡಿಯೂರನ್ನ ನೋಡ್ರಿ, ಮುಂದಿನ ಕಾಲ ಮ್ಯಾಲ ಭಾರ ಹಾಕಿ ಆಮ್ಯಾಲ ಕುಡಗೋಲು ಬರ್ತೈತಿ. ಬುಡಕ್ಕ ಬರೋಬರಿ ಬೀಳ್ತೈತಿ.

ಹಿತ್ತಲದಾಗ ಮಣ್ಣಿನ ಜಾಗಾ ಇದ್ರ ಒಂದು ಕೆಲಸಾ ಮಾಡ್ರಿ. ಮನ್ಯಾಗಿನ ರಂಗೋಲಿ ಪುಡಿ ತಗೊಂಡು ಒಂದು ಗೆರಿ ಎಳೀರಿ. ಚೆಂಡು ಬ್ಯಾಡ. ಗೆರಿ ಅಂದ್ರ ಚೆಂಡು ಅಂತ ತಿಳ್ಕೊಂಡು ಬೀಸ್ರಿ. ಕ್ಲಬ್ ಮಣ್ಣು ಕೆತ್ತಿದ ಗುರುತು ಗೆರಿ ಮುಂದ ಬಿದ್ರ ಪಾಸು, ಹಿಂದ ಬಿದ್ರ ನಾಪಾಸು. ಯಾವ ವಿಡಿಯೋನೂ ಇಷ್ಟು ಸಾಫ್ ಹೇಳೂದಿಲ್ಲ.

ಕ್ಯಾಂಪ್ ಕಾಕಾ

ಇವನ ಮಾತು ಕೇಳ್ರಪ್ಪಾ. ನಮ್ಮೆಲ್ಲಾರಕಿಂತ ಜಾಸ್ತಿ ಸ್ವಿಂಗ್ ನೋಡಿದ ಕಣ್ಣು.

ಎರಿಹೊಲ

ಕಬ್ಬು ಕಡಿಯೂರನ್ನ ನೋಡಿ ಆಟ ಕಲೀರಿ ಅಂತೀರಿ. ಅವರು ಆಡೂದಲ್ರಿ, ದುಡಿಯೂದು. ಸಂಜಿಗೆ ಸೊಂಟ ನೆಟ್ಟಗಾಗೂದಿಲ್ಲ ಅವರದು. ಈ ಹೋಲಿಕಿ ನನಗ ಸೇರಲಿಲ್ಲ.

ಹಳೇ ಕ್ಯಾಡಿ

ನಮ್ಮವ್ವ ಕಬ್ಬಿನ ಗ್ಯಾಂಗಿನ್ಯಾಗ ಇದ್ದಾಕಿ ರೀ ಅಣ್ಣಾ. ಆಕಿನ್ನ ನೋಡೇ ಹೇಳಿದ್ದು. ತಪ್ಪು ತಿಳೀಬ್ಯಾಡ್ರಿ.

ಎರಿಹೊಲ

ಹಂಗಾದ್ರ ನನ್ನ ಮಾತು ವಾಪಸ್ ತಗೊಂತೀನಿ.

ಹೇಳೂದು ಬ್ಯಾಡ ಅನ್ಕೊಂಡಿದ್ದೆ, ಆದ್ರ ಈ ಎಳಿ ಓದಿ ಕೈ ಕಡಿಯಾಕತ್ತೈತಿ. ಸಣ್ಣಾಂವಿದ್ದಾಗ ಜ್ವಾಳದ ಹೊಲದಾಗ ಅಟ್ಟಣಿ ಮ್ಯಾಲ ನಿಂತು ಹಕ್ಕಿ ಕಾಯೂದು ನನ್ನ ಕೆಲಸ. ಕವಣಿ ಬೀಸ್ತಿದ್ದೆ. ನಮ್ಮಜ್ಜ ಒಂದ ಮಾತು ಹೇಳ್ತಿದ್ದ: "ಕಲ್ಲು ನೀ ಒಗೀಬ್ಯಾಡ, ಕವಣಿ ಒಗೀಲಿ." ಮುಷ್ಟಿ ಬಿಗಿ ಹಿಡದು, ಹಲ್ಲು ಕಚ್ಚಿ ಬೀಸಿದ್ರ ಕಲ್ಲು ನಾಕು ಮಾರು ಹೋಗಿ ಬೀಳ್ತಿತ್ತು, ಅದೂ ಎಲ್ಲೋ ಅಡ್ಡ. ಕೈ ಸಡಲ ಬಿಟ್ಟು, ಸುತ್ತು ತುಂಬಲಿ ಅಂತ ಕಾದು, ಕಡೀಕ ಮಣಿಕಟ್ಟು ತಡದು ಬಿಟ್ರ "ಸುಂಯ್ಯ್" ಅಂತ ಸಪ್ಪಳ ಮಾಡಕೋತ ಹೊಲದ ಆಚೀ ಬದುವಿಗೆ ಹೋಗ್ತಿತ್ತು. ಸಪ್ಪಳ ಎಲ್ಲಿ ಬರ್ತೈತಿ ಅನ್ನೂದರ ಮ್ಯಾಲೆ ಕಲ್ಲು ಎಲ್ಲಿ ಹೋಗ್ತೈತಿ ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ನೀವು ಕ್ಲಬ್ಬ ಅನ್ರಿ, ಏನರ ಅನ್ರಿ. ನಿಮ್ಮ ಬೀಸಿನ ಸಪ್ಪಳ ಎಲ್ಲಿ ಬರ್ತೈತಿ?

ಗೋಕಾಕ ಟು ಬೆಂಗಳೂರು

ಎರಿಹೊಲ ಅಣ್ಣಾ, ನೀವು ಆಟ ಬೈಯುತ್ತಲೇ ಈ ಎಳೆಯ ಅತ್ಯುತ್ತಮ ಪಾಠ ಹೇಳಿಬಿಟ್ಟಿರಿ. ಇಲ್ಲಿ ಕೋಚ್‌ಗಳು ಇದನ್ನೇ ಮಾಡಿಸ್ತಾರೆ. ಕ್ಲಬ್ ತಲೆಕೆಳಗು ಹಿಡೀಬೇಕು, ಅಂದರೆ ಕಬ್ಬಿಣದ ತಲೆಯ ಹತ್ತಿರ ಹಿಡಿದು ಹಿಡಿಕೆಯ ತುದಿ ಬೀಸಬೇಕು. "ಸುಂಯ್" ಅನ್ನೋ ಸದ್ದು ಚೆಂಡಿರುವ ಜಾಗದಲ್ಲಿ ಅಥವಾ ಅದರ ಸ್ವಲ್ಪ ಮುಂದೆ ಬರಬೇಕು. ಕಿವಿಯ ಪಕ್ಕದಲ್ಲೇ ಬಂದರೆ ವೇಗವೆಲ್ಲಾ ಮೇಲೇ ಖರ್ಚಾಗಿ ಹೋಗಿದೆ, ಚೆಂಡಿಗೆ ಸಿಗೋದು ಉಳಿದ ಚಿಲ್ಲರೆ.

ಟೆರೇಸ್ ಆಟಗಾರ

ಈಗಷ್ಟ ಮಾಡಿ ನೋಡಿ ಬಂದೆ. ನಂದು ಕಿವಿ ಹಂತೇಕನ ಬರ್ತೈತಿ. ಸರಿಯಾಗಿ ಹೇಳಬೇಕಂದ್ರ ಕಿವಿಗಿಂತಾ ಹಿಂದ. 😔 ಮುಷ್ಟಿ ಎಷ್ಟು ಬಿಗಿ ಹಿಡೀತಿದ್ದೆ ಅಂದ್ರ ಗೆಣ್ಣು ಬೆಳ್ಳಗಾಗಿದ್ವು. ಸಡಲ ಬಿಟ್ಟೆ, ಹತ್ತರಾಗ ಎರಡು ಸಲ ಕೆಳಗ ಬಂತು.

ಕುಂದಾ ಕಟ್ಟೆ

ಸಡಲ ಅಂದ್ರ ಪೂರ್ತಿ ಬಿಡಬ್ಯಾಡ್ರಿ. ಕ್ಲಬ್ ಹೋಗಿ ಪಕ್ಕದ ಮನಿ ಸಿಂಟೆಕ್ಸಿಗೆ ಬಡೀತಂದ್ರ ನಮ್ಮ ಹೆಸರು ಹೇಳಬ್ಯಾಡ್ರಿ.

ಗುಮ್ಮಟದ ಗಾಳಿ

ಸಿಂಟೆಕ್ಸ್ ಅಂದಕೂಡ್ಲೆ ನೆನಪಾತು. ನಮ್ಮ ಸಂಬಂಧಿಕರೊಬ್ಬರು (ಹೆಸರು ಬ್ಯಾಡ) ಹುಬ್ಬಳ್ಳ್ಯಾಗ ಅದಾರ. ಮನಿ ಮ್ಯಾಲ ಸೊಳ್ಳಿ ಪರದೆ ಕಟ್ಟಿ ಅದಕ್ಕ ಖರೇ ಚೆಂಡು ಹೊಡದ್ರು. ಚೆಂಡು ಪರದೆ ಹರಕೊಂಡು, ಬಾಜೂ ಮನಿಯವರು ಒಣಗಾಕ ಹಾಕಿದ್ದ ಹಪ್ಪಳದ ನಡುವ ಹಾದು, ಟಾಕಿಗೆ ತೂತು ಮಾಡ್ತು. ಹಪ್ಪಳಕ್ಕ ಕ್ಷಮಾ ಸಿಗಲಿಲ್ಲ ಇವತ್ತಿಗೂ.

ಟಿಳಕವಾಡಿ ವೈನಿ

ಸೊಳ್ಳಿ ಪರದೆ ಯಾಕ ಕಟ್ಟಬೇಕ್ರಿ? ಚೆಂಡು ಸಣ್ಣದಿದ್ರೂ ಸುಮಾರು 46 ಗ್ರಾಮ್, ಕಲ್ಲಿನಂಗ. ಕ್ರಿಕೆಟ್ ಬಲಿ ಸಡಲ ಬಿಟ್ಟು ಕಟ್ರಿ, ಅದರ ಹಿಂದ ಒಂದು ಹಳೇ ಕೌದಿ ಜೋತು ಹಾಕ್ರಿ. ನಾ ಅದನ್ನ ಮಾಡೀನಿ. ಅಜ್ಜಿ ಹೊಲಿದ ಕೌದಿ ಐದು ಪದರಿಂದು, ಚೆಂಡು ಬಡದ್ರ ಧಪ್ ಅಂತ ಕೆಳಗ ಬೀಳ್ತೈತಿ, ವಾಪಸ್ ಬರೂದಿಲ್ಲ. ತಾಡಪತ್ರಿ ಬಿಗದು ಕಟ್ಟಿದ್ರ ಮಾತ್ರ ಹುಷಾರ್, ತಿರುಗಿ ಬಂದು ಹಲ್ಲು ಉದುರಸ್ತೈತಿ. ಬಲಿ ಇಲ್ಲಂದ್ರ ಹಳೇ ಕಾಲುಚೀಲ ಸುತ್ತಿದ ಚೆಂಡ ಸಾಕು.

ಮತ್ತ ಎಲ್ಲಾರೂ ದೊಡ್ಡ ಹೊಡತದ ಬಗ್ಗೇನ ಮಾತಾಡಾಕತ್ತೀರಿ. ಪಟ್ಟಿಂಗ್ (ಚೆಂಡು ನೆಲದ ಮ್ಯಾಲ ಉರುಳಿಸಿ ಕುಳಿಗೆ ಹಾಕೂದು) ಯಾರೂ ಕೇಳವಲ್ರಿ. 72 ಪಾರ್ (ಛಲೋ ಆಟಗಾರ ಒಂದು ಸುತ್ತಿಗೆ ತಗೊಳ್ಳೂ ಹೊಡತದ ಲೆಕ್ಕ) ಮೈದಾನದಾಗ ಒಂದು ಕುಳಿಗೆ ಎರಡರಂಗ 36 ಹೊಡತ ಪಟ್ಟಿಂಗಿಗೇ ಅಂತ ಲೆಕ್ಕ ಹಿಡದಿರ್ತಾರ. ಅಂದ್ರ ಅರ್ಧಾ ಆಟ! ಅದಕ್ಕ ಟೆರೇಸ್‌ನೂ ಬ್ಯಾಡ. ಪಡಸಾಲಿಯೊಳಗ ಜಮಖಾನಿ ಹಾಸ್ರಿ, ಚರಗಿ ಅಡ್ಡ ಮಲಗಿಸ್ರಿ. ಚರಗಿ ಬಾಯಿಗಿಂತಾ ಖರೇ ಕುಳಿ ದೊಡ್ಡದು, 108 ಮಿಲಿಮೀಟರ್. ಇನ್ನೂ ಛಲೋ ಬೇಕಂದ್ರ ಹತ್ತು ರೂಪಾಯಿ ನಾಣ್ಯ ಇಟ್ಟು ಅದರ ಮ್ಯಾಲ ಚೆಂಡು ಹಾಯಿಸ್ರಿ. ಅದು 27 ಮಿಲಿಮೀಟರ್. ಒಂದು ತಿಂಗಳು ನಾಣ್ಯಕ್ಕ ಹೊಡದು ಮೈದಾನಕ್ಕ ಹೋದ್ರ ಕುಳಿ ಬಾವಿಯಂಗ ಕಾಣ್ತೈತಿ.

ಜಮಖಾನಿ ಮ್ಯಾಲ ಚೆಂಡು ನಿಧಾನ, ಶಹಾಬಾದ ಕಲ್ಲಿನ ನೆಲದ ಮ್ಯಾಲ ಜೋರು. ಎರಡರ ಮ್ಯಾಲೂ ಹೊಡೀರಿ. ಅಂದ್ರ ಕೈಗೆ ಅಂದಾಜು ಬರ್ತೈತಿ.

ಗೋಕಾಕ ಟು ಬೆಂಗಳೂರು

ವೈನಿ ಹೇಳಿದ್ದಕ್ಕೆ ಸಾಕ್ಷಿ ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್ ನೆನಪಿದೆಯಾ? 2021ರ ಆಗಸ್ಟ್ 7, ಶನಿವಾರ ನಸುಕಿನಿಂದ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ಮಂದಿಯೆಲ್ಲಾ ಟೀವಿ ಮುಂದೆ ಕೂತಿದ್ದರು. ದೂರ ಹೊಡೆಯುವವರ ಸಾಲಿನಲ್ಲಿ ಬೆಂಗಳೂರಿನ ಆ ಹುಡುಗಿ ತೀರಾ ಹಿಂದೆ. ಪಟ್ಟಿಂಗ್‌ನಿಂದಲೇ ನಾಲ್ಕು ದಿನ ಪದಕದ ಸನಿಹ ಇದ್ದಳು. ಕೊನೆಗೆ 15 ಅಂಡರ್, ಅಂದರೆ ಪಾರ್ ಲೆಕ್ಕಕ್ಕಿಂತ 15 ಹೊಡೆತ ಕಡಿಮೆ. ಸಮ ಆಗಿ ಬೆಳ್ಳಿಗೆ ಪ್ಲೇಆಫ್ (ಹೆಚ್ಚುವರಿ ಆಟ) ಆಡಿದ ಇಬ್ಬರು 16 ಅಂಡರ್. ಒಂದೇ ಒಂದು ಹೊಡೆತ. ಹದಿನೆಂಟನೇ ಕುಳಿಯ ಆ ಪಟ್ ಪಕ್ಕದಲ್ಲೇ ಹಾದುಹೋದಾಗ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ "ಅಯ್ಯೋ" ಅಂದ್ವಿ. ನಮ್ಮಮ್ಮ ಅಂತೂ ಅವತ್ತೇ ಮೊದಲ ಸಲ ಗಾಲ್ಫ್ ನೋಡಿದ್ದು.

ಬೆನ್ನುಹುರಿ ಅಕ್ಕ

ನಾನೂ ನೋಡಿದ್ದೆ. ಬೆಳಗಿನ ರೋಗಿಗಳನ್ನು ಅರ್ಧ ಗಂಟೆ ಕಾಯಿಸಿದೆ. ಇಂದಿಗೂ ಆ ನಾಲ್ಕನೇ ಸ್ಥಾನ ಚುಚ್ಚುತ್ತದೆ. ಎರಡು ವರ್ಷದ ನಂತರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಬಂದಾಗ ಸ್ವಲ್ಪ ಸಮಾಧಾನ.

ಟೆರೇಸ್ ಆಟಗಾರ

ನನ್ನ ಎರಡನೇ ಪ್ರಶ್ನೆಕ್ಕ ಯಾರೂ ಉತ್ತರಾ ಕೊಡಲಿಲ್ಲ. ಬಿಡಾಕ ಯಾಕ ಆಗವಲ್ದು?

ಕ್ಯಾಂಪ್ ಕಾಕಾ

ನಾ ಹೇಳ್ತೀನಿ. ಈ ಆಟದಾಗ ಅಂಪೈರ್ ಬೆನ್ನ ಹಿಂದ ಬರೂದಿಲ್ಲ. ಗಿಡದ ಹಿಂದ ನೀನು, ಚೆಂಡು, ದೇವ್ರು, ಮೂರ ಮಂದಿ. ನಿನ್ನಿಂದ ಚೆಂಡು ಒಂದು ಕೂದಲ ಎಳಿಯಷ್ಟು ಸರದ್ರೂ ನೀನ ಕೈ ಎತ್ತಿ "ನಂದೊಂದು ದಂಡ" ಅನಬೇಕು. 1925ರ ಅಮೆರಿಕಾ ಓಪನ್ನಿನ್ಯಾಗ ಬಾಬಿ ಜೋನ್ಸ್ ಅಂಬವ ಹಂಗ ಮಾಡಿದ. ಚೆಂಡು ಸರದಿದ್ದು ಅವನೊಬ್ಬನ ಬಿಟ್ಟು ಯಾರಿಗೂ ಕಂಡಿರಲಿಲ್ಲ. ತಾನ ಒಂದು ಹೊಡತ ಸೇರಿಸಿಕೊಂಡ, ಸಮ ಆತು, ಪ್ಲೇಆಫಿನ್ಯಾಗ ಸೋತ. ಅವನ್ನ ಹೊಗಳಿದ್ದಕ್ಕ ಅವನಿಗೆ ಸಿಟ್ಟು ಬಂದಿತ್ತಂತ.

ಇನ್ನೊಂದು, ಹ್ಯಾಂಡಿಕ್ಯಾಪ್ (ಕಮ್ಮಿ ಆಡಾವಗ ಕೊಡೂ ಹೊಡತದ ರಿಯಾಯತಿ). ನನಗ ವಯಸ್ಸು 71, ಮೊಮ್ಮಗಗ 16. ಕುಸ್ತಿ ಹಿಡದ್ರ ಅವ ನನ್ನ ಎತ್ತಿ ಒಗೀತಾನ. ಇಲ್ಲಿ ನನಗ ಸಿಗೂ ಹೊಡತ ಲೆಕ್ಕಾ ಹಿಡದು ಇಬ್ಬರೂ ಸರಿಸಮ ಆಡ್ತೀವಿ, ಖರೇ ಜಿದ್ದಿನಿಂದ. ಹೋದ ಐತವಾರ ನಾ ಗೆದ್ದೆ. ಅವ ಎರಡು ದಿನ ಮಾತಾಡ್ಲಿಲ್ಲ. ಭಾಳ ಖುಷಿ ಆತು.

ಹಳೇ ಕ್ಯಾಡಿ

ನಾ ನೋಡಿದ್ದು ಹೇಳ್ತೀನಿ ಸಾಹೇಬ್ರ. ನೂರಾ ಹತ್ತು ಹೊಡತ ಹೊಡದು, ಚೆಂಡು ಕಳಕೊಂಡು, ಕ್ಲಬ್ ನೆಲಕ್ಕ ಒಗದು, "ನಾಳಿಂದ ಬಂದ್" ಅಂದ ಸಾಹೇಬ್ರು ಹದಿನೆಂಟನೇ ಕುಳ್ಯಾಗ ಒಂದ ಒಂದು ಹೊಡತ ಸರಿ ಹೊಡದ್ರ ಗಾಡಿ ಹತ್ತೂ ಮುಂದ ಕೇಳ್ತಿದ್ರು, "ನಾಳೆ ಎಷ್ಟಕ್ಕ ಬರ್ತೀಯೋ?"

ಟೆರೇಸ್ ಆಟಗಾರ

ಅದ ನಾನ ರೀ. ಹದಿನೆಂಟನೇ ಹೊಡತ.

ಗುಮ್ಮಟದ ಗಾಳಿ

ಅಪೋಲೊ 14ರಾಗ ಅಲನ್ ಶೆಪರ್ಡ್ ಚಂದ್ರನ ಮ್ಯಾಲೂ ಎರಡು ಚೆಂಡು ಹೊಡದ ಬಂದಾನ, 1971ರಾಗ. ಮಣ್ಣು ಎತ್ತೂ ಸಾಧನಕ್ಕ ಆರನೇ ನಂಬರ್ ಕ್ಲಬ್ಬಿನ ತಲಿ ಸಿಗಿಸಿಕೊಂಡು, ಒಂದ ಕೈಲಿಂದ. ಅಲ್ಲೂ ಮೊದಲನೇ ಬೀಸು ಮಣ್ಣಿಗೇ ಹೋತು. ನೀವು ಚಿಂತಿ ಮಾಡಬ್ಯಾಡ್ರಿ.

ಎರಿಹೊಲ

ಚಂದ್ರನ ಮ್ಯಾಲ ನೀರಿನ ಖರ್ಚರ ಇಲ್ಲ. ಅಲ್ಲೇ ಆಡ್ರಿ ಎಲ್ಲಾರೂ.

ಗೋಕಾಕ ಟು ಬೆಂಗಳೂರು

😂 ಟೆರೇಸ್ ಅಣ್ಣಾ, ಒಂದು ವಿಡಿಯೋ ಹಾಕಿ. ಮೊಬೈಲನ್ನ ನಿಮ್ಮ ಬೆನ್ನ ಹಿಂದೆ ಅಲ್ಲ, ಗುರಿಗೆ ವಿರುದ್ಧ ಬದಿಯಲ್ಲಿ, ಗುರಿಯ ಕಡೆ ಮುಖ ಮಾಡಿ, ಕೈಗಳಿರುವ ಎತ್ತರಕ್ಕೆ ಇಡಿ. ಇನ್ನೊಂದು ಎದೆಯ ಎದುರಿನಿಂದ. ಓರೆಯಾಗಿ ಇಟ್ಟರೆ ಸರಿಯಿರೋದೂ ತಪ್ಪಾಗಿ ಕಾಣುತ್ತೆ. ಒಂದು ಸಲಕ್ಕೆ ಒಂದೇ ವಿಷಯ ತಿದ್ದಿ. ನಲವತ್ತು ವಿಡಿಯೋ ಮುಚ್ಚಿಡಿ.

ಟೆರೇಸ್ ಆಟಗಾರ

(ಮೂರು ವಾರ ಆದ ಮ್ಯಾಲ ಬರ್ಯಾಕತ್ತೀನಿ)

ಹಿಡಿತ ಬದಲಿಸಿದೆ, ಗ್ವಾಡಿದು ದಿನಾ ಮಾಡ್ತೀನಿ. ಹಿತ್ತಲದಾಗ ರಂಗೋಲಿ ಗೆರಿ. ಮೊದಲನೇ ವಾರ ಎಲ್ಲಾ ಗುರುತು ಗೆರಿ ಹಿಂದ, ಹತ್ತಿ ಹೊಲ ಹರಗಿದಂಗ ಕಾಣತಿತ್ತು. ಈಗ ಹತ್ತರಾಗ ಐದಾರು ಗೆರಿ ಮುಂದ ಬೀಳ್ತಾವು. ಸಪ್ಪಳ ಕಿವಿ ಬಿಟ್ಟು ಮೊಣಕಾಲ ತನಕ ಇಳದೈತಿ. ಎರಿಹೊಲ ಅಣ್ಣಾರ ಅಜ್ಜಗ ನಮಸ್ಕಾರ ಹೇಳ್ರಿ.

ಸುಧಾರಸದೇ ಇದ್ದದ್ದೂ ಹೇಳ್ತೀನಿ. ನಿನ್ನೆ ಮಳಿ ಬಿಟ್ಟಿತ್ತು, ದೋಸ್ತನ ಜೋಡಿ ಹೋಗಿ ಬಂದೆ. ಖರೇ ಚೆಂಡು ಮುಂದ ಬಂದಕೂಡ್ಲೆ ಮುಷ್ಟಿ ಮತ್ತ ಬಿಗಿ ಆತು. ಮೊದಲ ಆರು ಅವ ಬಾಳೀಹಣ್ಣು. ಆಮ್ಯಾಲ ಬಾಯಾಗ "ಕವಣಿ ಒಗೀಲಿ, ಕವಣಿ ಒಗೀಲಿ" ಅನಕೋತ ಹೊಡದೆ. ದೋಸ್ತ ಇವಗ ಏನೋ ಆಗೈತಿ ಅಂತ ನೋಡಿದ. ನಾಕು ನೆಟ್ಟಗ ಹೋದ್ವು.

ಇನ್ನ ನಾಣ್ಯದ್ದು. ವೈನಿ ಹೇಳಿದಂಗ ಜಮಖಾನಿ ಹಾಸಿ ಹತ್ತು ರೂಪಾಯಿ ಇಟ್ಟಿದ್ದೆ. ನಮ್ಮ ಮನಿಯಾಕಿ ಕಸಾ ಹೊಡಿಯಾಕ ಬಂದಾಕಿ "ಇದೇನ ದೊಡ್ಡ ವಿದ್ಯಾ" ಅಂತ ಪಟರ್ (ಪಟ್ಟಿಂಗ್ ಕ್ಲಬ್) ಕಸದು ಹೊಡದ್ಲು. ಮೂರಕ್ಕ ಮೂರು ನಾಣ್ಯದ ಮ್ಯಾಲ. ಈಗ ರಾತ್ರಿ ಊಟ ಆದ ಮ್ಯಾಲ ಪಟರ್ ನನಗ ಸಿಗವಲ್ದು.

ಟಿಳಕವಾಡಿ ವೈನಿ

ಆಕಿನ್ನ ಮುಂದಿನ ಐತವಾರ ಕರಕೊಂಡ ಬರ್ರಿ. ನೀವು ಬರದಿದ್ರೂ ನಡೀತೈತಿ.

ಕುಂದಾ ಕಟ್ಟೆ

ಅಂದ್ರ ಇನ್ನ ಮ್ಯಾಲ ಟ್ಯೂಬ್‌ಲೈಟ್ ಒಡದ್ರ ಬೈಯೂರು ಯಾರು?

ಟೆರೇಸ್ ಆಟಗಾರ

ಎಲ್‌ಇಡಿ ಹಚ್ಚಿಸೀನಿ. ವೈನಿ, ಹಳೇ ಕೌದಿ ಒಂದು ಇದ್ರ ಕೊಡ್ತೀರೇನ್ರಿ? ನಮ್ಮ ಮನ್ಯಾಗಿಂದು ಮುಟ್ಟಾಕ ಬಿಡವಲ್ಲರು.